ಹದಿನೆಂಟನೇ ನಂಬರಿಗಿಂತ ನಾಲ್ಕು ನಿಮಿಷ ಮುಂದೆ

ಹದಿನೆಂಟನೇ ನಂಬರ್ ಬಸ್ಸಿನ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡಬಾರದು. ಒಂಬತ್ತು ವರ್ಷ ಆ ಬಸ್ಸನ್ನು ಓಡಿಸಿದವನು ನಾನು. ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ನಿಂತಿರುತ್ತಾರೆ, ಸೇತುವೆ ಮೇಲಿನ ಯಾವ ಗುಂಡಿಗೆ ಯಾವ ಚಕ್ರ ಬೀಳುತ್ತದೆ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಓಡಿಬಂದು ಹತ್ತುವ ನರ್ಸು ಯಾರು, ಎಲ್ಲ ನನಗೆ ಬಾಯಿಪಾಠ. ಹೆಂಡತಿ ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ. ಅವಳು ಕಂಡಕ್ಟರ್. ಅವಳು ಹಿಂದಿನಿಂದ ‘ರೈಟ್’ ಅಂದರೆ ನಾನು ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ಮದುವೆಯಾದ ಮೇಲೂ ಈ ಏರ್ಪಾಡಿನಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ.

ಐದು ವರ್ಷದ ಹಿಂದೆ ಆ್ಯಪಿನ ಕಾರುಗಳು ಬಂದವು. ‘ನಿಮಗೆ ನೀವೇ ಯಜಮಾನರು’ ಎಂಬ ದೊಡ್ಡ ಬೋರ್ಡನ್ನು ನಮ್ಮ ಡಿಪೋದ ಗೇಟಿನ ಎದುರಿಗೇ ನಿಲ್ಲಿಸಿದರು. ದಿನಾ ಬೆಳಗ್ಗೆ ಅದನ್ನು ಓದಿ ಓದಿ ನನ್ನ ತಲೆ ಕೆಟ್ಟಿತು. ರಾಜೀನಾಮೆ ಕೊಟ್ಟು, ಸಾಲ ಮಾಡಿ, ಒಂದು ಬಿಳಿ ಕಾರು ತಂದೆ. ನೀನೂ ಬಿಡು, ಜೊತೆಗೇ ಏನಾದರೂ ಮಾಡೋಣ ಎಂದು ಹೆಂಡತಿಗೆ ಹೇಳಿದೆ.

“ನಾನು ಬಸ್ಸಲ್ಲೇ ಇರ್ತೀನಿ. ಇಬ್ರೂ ಯಜಮಾನರಾದ್ರೆ ಕೆಲಸ ಮಾಡೋರು ಯಾರು?” ಅಂದಳು.

ಯಜಮಾನನಾದ ಮೊದಲ ವರ್ಷ ನಾನು ಊರೆಲ್ಲ ಖಾಲಿ ಕಾರು ಸುತ್ತಿಸಿದೆ. ನಿಲ್ಲಿಸಿದರೆ ಪೊಲೀಸರು ಬರುತ್ತಾರೆ, ಓಡಿಸಿದರೆ ಪೆಟ್ರೋಲು ಹೋಗುತ್ತದೆ. ಫೋನು ಮಾತ್ರ ‘ನಿಮ್ಮ ಹತ್ತಿರದಲ್ಲೇ ಪ್ರಯಾಣಿಕರಿದ್ದಾರೆ’ ಎಂದು ಹೇಳುತ್ತಲೇ ಇರುತ್ತಿತ್ತು. ಮಧ್ಯಾಹ್ನ ಮುಖ ಊದಿಸಿಕೊಂಡು ಮನೆಗೆ ಬಂದು, ತಟ್ಟೆ ಮುಂದೆ ಕೂತು, ಯಾರ ಮೇಲೋ ಇರುವ ಸಿಟ್ಟನ್ನು ಉಪ್ಪಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಸಾಲದ್ದಕ್ಕೆ ಮೇಲಿನ ಮನೆಯವರ ಹೂಕುಂಡ ಕಾರಿನ ಮೇಲೆ ಬಿದ್ದು, ಚಾವಣಿಯಲ್ಲಿ ಒಂದು ಊಟದ ತಟ್ಟೆಯಷ್ಟು ಅಗಲದ ತಗ್ಗಾಯಿತು. ನಿಂತವರಿಗೂ ಕಾಣುವುದಿಲ್ಲ, ಕೂತವರಿಗೂ ಕಾಣುವುದಿಲ್ಲ, ಇರಲಿ ಅಂತ ಬಿಟ್ಟೆ.

ಆಮೇಲೆ ನನಗೆ ಬುದ್ಧಿ ಬಂತು. ಹದಿನೆಂಟನೇ ನಂಬರಿನ ಬುದ್ಧಿ.

ಬಸ್ಸಿಗೆ ಕಾಯುವ ಜನ ಮೊದಲ ಹತ್ತು ನಿಮಿಷ ಸಹನೆಯ ಮೂರ್ತಿಗಳು. ಹನ್ನೊಂದನೇ ನಿಮಿಷಕ್ಕೆ ಕತ್ತು ಚಾಚುತ್ತಾರೆ, ಹದಿಮೂರಕ್ಕೆ ಸರ್ಕಾರವನ್ನು ಬೈಯುತ್ತಾರೆ, ಹದಿನಾಲ್ಕಕ್ಕೆ ಕೈ ಜೇಬಿಗೆ ಹೋಗಿ ಫೋನು ಹೊರಗೆ ಬರುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಸ್ಟಾಪಿನ ಪಕ್ಕದ ತಿರುವಿನಲ್ಲಿ ನನ್ನ ಕಾರು ಇರಬೇಕು. ಹತ್ತಿರ ಇದ್ದವನಿಗೇ ಆ್ಯಪ್ ಬುಕಿಂಗ್ ಕೊಡುವುದು. ಒಂದೊಂದೇ ಸೀಟು ಹಂಚಿಕೊಂಡು ಹೋಗುವ ಅನುಕೂಲವೂ ಅದರಲ್ಲಿತ್ತು. ನೀರಿನ ಟ್ಯಾಂಕಿನ ಹತ್ತಿರ ಒಬ್ಬರು, ಮಾರ್ಕೆಟ್ ಗೇಟಿನಲ್ಲಿ ಒಬ್ಬರು, ಸೇತುವೆಗೆ ಮುಂಚೆ ಒಬ್ಬರು ಎಂದು ಹತ್ತಿಸಿಕೊಂಡು, ಒಂದು ಕಣ್ಣು ಕನ್ನಡಿಯಲ್ಲಿ ಇಟ್ಟುಕೊಂಡಿರುತ್ತಿದ್ದೆ. ಹಿಂದೆ ದೂರದಲ್ಲಿ ಕೆಂಪು ಬಸ್ಸಿನ ಹಣೆ ಕಂಡಿತೋ, ಮುಂದಿನ ಸ್ಟಾಪಿಗೆ ಹಾರುತ್ತಿದ್ದೆ. ಸದಾ ನಾಲ್ಕು ನಿಮಿಷ ಮುಂದೆ. ಹೆಚ್ಚು ಮುಂದೆ ಹೋದರೆ ಜನರಿಗೆ ಇನ್ನೂ ಸಹನೆ ಇರುತ್ತದೆ, ಹಿಂದುಳಿದರೆ ಬಸ್ಸೇ ಬಂದುಬಿಡುತ್ತದೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಬಸ್ಸು ಯಾವ ದಿನ ಎಲ್ಲಿ ತಡವಾಗುತ್ತದೆ ಎಂದು ತಿಳಿಯುವುದೂ ಕಷ್ಟವಿರಲಿಲ್ಲ. ಮನೆಯಲ್ಲೇ ಕಂಡಕ್ಟರ್ ಇದ್ದಳಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ಏನೂ ಗೊತ್ತಿಲ್ಲದವನ ಹಾಗೆ, “ಇವತ್ತು ರಷ್ ಇತ್ತಾ?” ಅಂತ ಕೇಳುತ್ತಿದ್ದೆ.

“ಟ್ಯಾಂಕಿನ ಹತ್ರ ಬಹಳ ಜನ. ಅಲ್ಲೇನೋ ಹೊಸ ಆಫೀಸು ಬಂದಿದ್ಯಂತೆ, ಎಂಟೂಕಾಲಿಗೆಲ್ಲ ನಿಂತಿರ್ತಾರೆ. ನಾಳೆ ಸೇತುವೆ ಒಂದು ಕಡೆ ಮುಚ್ತಾರಂತೆ, ಇನ್ನೂ ತಡ ಆಗತ್ತೆ. ಪಾಪ, ಗಂಟಿನಜ್ಜಿ ಅರ್ಧ ಗಂಟೆ ನಿಂತಿದ್ಲು,” ಎನ್ನುತ್ತಿದ್ದಳು.

ಗಂಟಿನಜ್ಜಿ ಎಂದರೆ ಆಸ್ಪತ್ರೆಗೆ ಹೊದಿಕೆ, ದಿಂಬಿನ ಚೀಲ ಹೊಲಿದುಕೊಡುವ ಮುದುಕಿ. ದಿನಾ ತನ್ನಷ್ಟೇ ದಪ್ಪದ ಬಟ್ಟೆಯ ಗಂಟು ಹೊತ್ತು ಟ್ಯಾಂಕಿನ ಸ್ಟಾಪಿನಲ್ಲಿ ಹತ್ತುತ್ತಾಳೆ. ಅವಳ ಹತ್ತಿರ ಫೋನಿಲ್ಲ. ಆದ್ದರಿಂದ ನನ್ನ ಲೆಕ್ಕಕ್ಕೆ ಅವಳು ಬರುತ್ತಿರಲಿಲ್ಲ. ಹೆಂಡತಿ ಹೇಳಿದ ಉಳಿದದ್ದನ್ನೆಲ್ಲ ನೆನಪಿಟ್ಟುಕೊಂಡು ಮಾರನೇ ದಿನ ಎಂಟೂಕಾಲಿಗೆ ಟ್ಯಾಂಕಿನ ತಿರುವಿನಲ್ಲಿರುತ್ತಿದ್ದೆ. ಅವಳಿಂದ ಇಷ್ಟು ನಾಜೂಕಾಗಿ ಬಾಯಿ ಬಿಡಿಸುತ್ತೇನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಈ ಸೇವೆಗಾಗಿ ಕಂಪನಿಯವರು ನನಗೆ ಒಂದು ಹಸಿರು ಎಲೆ ಕೊಟ್ಟರು. ಕಾರಿನ ಮುಂದಿನ ಗಾಜಿಗೆ ಅಂಟಿಸಿಕೊಳ್ಳುವ ಪ್ಲಾಸ್ಟಿಕ್ ಎಲೆ. ಜೊತೆಗೆ ಒಂದು ಮೆಸೇಜು: ‘ಅಭಿನಂದನೆ. ಸೀಟು ಹಂಚಿಕೊಂಡು ಪ್ರಯಾಣ ಮಾಡಿಸಿ ಈ ತಿಂಗಳು ನೀವು ನಲವತ್ತು ಮರಗಳನ್ನು ಉಳಿಸಿದ್ದೀರಿ.’ ನನ್ನ ಕಾರಿನಲ್ಲಿ ಕೂತ ಮೂವರು ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಕಾರು ತೆಗೆಯುತ್ತಿದ್ದರು ಎಂಬುದು ಅವರ ಲೆಕ್ಕ. ಆ ಮೂವರೂ ಬಸ್ಸು ಹತ್ತುತ್ತಿದ್ದರು ಎಂದು ನಾನು ಅವರಿಗೆ ತಿಳಿಸಲು ಹೋಗಲಿಲ್ಲ. ಅದೇ ತಿಂಗಳು, ಕಾರುಗಳು ನಿಂತು ಹೊರಡಲು ಜಾಗ ಬೇಕೆಂದು ನಮ್ಮ ರಸ್ತೆಯ ಬದಿಯ ಮರಗಳನ್ನು ಕಡಿದರು. ನಾನು ಉಳಿಸಿದ ನಲವತ್ತು ಮರಗಳು ಎಲ್ಲಿವೆಯೋ ಗೊತ್ತಿಲ್ಲ. ಆ್ಯಪಿನೊಳಗೆ ತಂಪಾಗಿ ಇರಬೇಕು.

ಹೀಗೆ ನಾಲ್ಕು ವರ್ಷ ಸುಖವಾಗಿ ನಡೆಯಿತು. ಒಂದು ಮಧ್ಯಾಹ್ನ ಹೆಂಡತಿ ಯೂನಿಫಾರ್ಮ್ ಕೂಡ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

“ಹದಿನೆಂಟು ನಿಲ್ಲಿಸ್ತಾರಂತೆ,” ಅಂದಳು.

“ಎಲ್ಲಿ ನಿಲ್ಲಿಸ್ತಾರೆ?” ಅಂದೆ. ಹೊಸ ಸ್ಟಾಪು ಅಂದುಕೊಂಡೆ ನಾನು.

“ಎಲ್ಲೂ ನಿಲ್ಸಲ್ಲ. ರೂಟೇ ತೆಗೀತಾರೆ. ಜನ ಇಲ್ವಂತೆ. ಮುಂದಿನ ವಾರ ಮೂರು ದಿನ ಎಂಟು ಹತ್ತರ ಟ್ರಿಪ್ಪಲ್ಲಿ ಗುಮಾಸ್ತರು ಬಂದು ತಲೆ ಎಣಿಸ್ತಾರೆ. ಆಸ್ಪತ್ರೆ ಗೇಟಿಗೆ ಬರೋ ಹೊತ್ತಿಗೆ ಬಸ್ಸಲ್ಲಿ ಮೂವತ್ತು ಜನ ಇರ್ಬೇಕು. ಇಲ್ಲಾಂದ್ರೆ ರೂಟು ಬಂದ್, ನನ್ನನ್ನ ಹೊಳೆ ಆಚೆ ಡಿಪೋಗೆ ಹಾಕ್ತಾರೆ.”

“ಎಷ್ಟು ಜನ ಇರ್ತಾರೆ ಈಗ?”

“ಹತ್ತೊಂಬತ್ತು. ಇಪ್ಪತ್ತು.” ಟಿಕೆಟಿನ ಚೀಲ ನೆಲಕ್ಕಿಳಿಸಿ, “ನೀವು ಓಡಿಸುವಾಗ ಅರುವತ್ತು ಇರ್ತಿದ್ರು. ನಿಲ್ಲೋಕೆ ಜಾಗ ಇಲ್ದೆ ನನ್ನ ಕಾಲು ತುಳೀತಿದ್ರು,” ಅಂದಳು. ಕಾಲು ತುಳಿಸಿಕೊಂಡಿದ್ದನ್ನು ಯಾರಾದರೂ ಅಷ್ಟು ಪ್ರೀತಿಯಿಂದ ನೆನೆಸಿಕೊಳ್ಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಇಳಿಯಿತು, ಆದರೆ ರುಚಿಸಲಿಲ್ಲ.

ನಾನು ಕೊರೆದ ತೂತನ್ನು ನಾನೇ ಮುಚ್ಚಬೇಕು ಎಂದು ಹೊರಟೆ. ಪೆಟ್ರೋಲ್ ಬಂಕಿನ ಪಕ್ಕದ ಚಹಾದಂಗಡಿಯಲ್ಲಿ ನಮ್ಮ ರಸ್ತೆಯ ಕಾರಿನವರನ್ನೆಲ್ಲ ಸೇರಿಸಿದೆ. ನಾನು ಒಬ್ಬನೇ ಬುದ್ಧಿವಂತ ಅಂದುಕೊಂಡಿದ್ದೆ. ನನ್ನನ್ನೂ ಸೇರಿಸಿ ಹದಿನಾಲ್ಕು ಜನ, ಎಲ್ಲರೂ ಹದಿನೆಂಟನೇ ನಂಬರಿಗಿಂತ ಮೂರು, ನಾಲ್ಕು, ಐದು ನಿಮಿಷ ಮುಂದೆ ಹೋಗುವವರೇ. ಅರ್ಧಕ್ಕರ್ಧ ಹಳೇ ಬಸ್ಸಿನವರು. ಒಬ್ಬನನ್ನೊಬ್ಬ ನೋಡಿ ಹಲ್ಲು ಕಿರಿದೆವು.

ವಿಷಯ ಹೇಳಿದೆ. “ಮೂರೇ ದಿನ. ಎಂಟರಿಂದ ಒಂಬತ್ತರವರೆಗೆ ಯಾರೂ ಈ ರಸ್ತೆಗೆ ಕಾಲಿಡಬಾರ್ದು. ಕಾರಿಲ್ಲ ಅಂದ್ರೆ ಜನ ಬಸ್ ಹತ್ತಲೇಬೇಕು. ಬಸ್ ತುಂಬತ್ತೆ. ಆಮೇಲೆ ನಮ್ಮ ಕೆಲಸ ನಾವು ಮಾಡ್ಕೊಳ್ಳೋಣ.”

ಎಲ್ಲರೂ ಒಪ್ಪಿದರು. ಹಳೇ ಡಿಪೋದ ಋಣ ಅಂದ ಒಬ್ಬ. ಬಸ್ಸೇ ಇಲ್ಲದಿದ್ದರೆ ನಾಲ್ಕು ನಿಮಿಷ ಮುಂದೆ ಹೋಗುವುದು ಯಾರಿಗಿಂತ ಎಂದ ಇನ್ನೊಬ್ಬ. ಅದು ನಿಜವಾಗಿ ಯೋಚಿಸಬೇಕಾದ ಮಾತು. ಮ್ಯಾಪಣ್ಣ ಮಾತ್ರ ತಲೆ ಕೆರೆದುಕೊಂಡ. ಅವನು ಫೋನು ಹೇಳಿದ ಕಡೆಗೆಲ್ಲ ಹೋಗುವವನು, ಒಮ್ಮೆ ಅದನ್ನು ನಂಬಿ ಯಾರದೋ ಕಾಂಪೌಂಡಿನೊಳಗೆ ಹೊಕ್ಕು ಬಟ್ಟೆ ಒಣಹಾಕುವ ಹಗ್ಗ ಹರಿದಿದ್ದ.

“ಅಲ್ಲಣ್ಣ, ನಾವು ಎಲ್ರೂ ಮಾಯವಾದ್ರೆ ಆ್ಯಪಿಗೆ ಗೊತ್ತಾಗಲ್ವಾ?” ಅಂದ.

“ಗೊತ್ತಾಗಿ ಏನ್ಮಾಡತ್ತೆ? ಅದೇನು ನಿಮ್ಮಾವನ ಮನೇದಾ, ಬಂದು ಕರೆಯೋಕೆ?” ಎಂದು ಬಾಯಿ ಮುಚ್ಚಿಸಿದೆ.

ಸೋಮವಾರ ಕಾರನ್ನು ಮನೆ ಮುಂದೆ ಬಿಟ್ಟು, ಎಂಟು ಹತ್ತಕ್ಕೆ ಮೊದಲ ಸ್ಟಾಪಿನಲ್ಲಿ ಹದಿನೆಂಟನೇ ನಂಬರ್ ಹತ್ತಿದೆ. ಮೂವತ್ತರಲ್ಲಿ ಒಂದು ತಲೆ ನನ್ನದೂ ಇರಲಿ ಎಂದು. ಹಿಂದಿನ ಸೀಟಿನಲ್ಲಿ ಗುಮಾಸ್ತರು ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದರು. ಹೆಂಡತಿ ನನ್ನನ್ನು ನೋಡಿ ಹುಬ್ಬೇರಿಸಿದಳು.

“ಟಿಕೆಟ್?”

“ನನಗೂನಾ?”

“ಯಜಮಾನರಿಗೆ ಫ್ರೀ ಇಲ್ಲ,” ಅಂದಳು. ಟಿಕೆಟ್ ತಗೊಂಡೆ.

ಟ್ಯಾಂಕಿನ ಸ್ಟಾಪಿನಲ್ಲಿ ಹನ್ನೊಂದು ಜನ ಹತ್ತಿದರು. ಫೋನು ಒತ್ತಿ ಒತ್ತಿ ಸುಸ್ತಾಗಿ, ‘ಇವತ್ತೇನಪ್ಪ ಒಂದು ಕಾರೂ ಇಲ್ಲ’ ಎಂದು ಗೊಣಗುತ್ತ ಹತ್ತಿದರು. ಗಂಟಿನಜ್ಜಿ ತನ್ನ ಗಂಟನ್ನು ನನ್ನ ಕಾಲ ಮೇಲೇ ಇಟ್ಟಳು. ಮಾರ್ಕೆಟ್ ಗೇಟಿನಲ್ಲಿ ಇನ್ನೂ ಹದಿನೈದು. ಜನ ನಿಂತರು. ಯಾರೋ ನನ್ನ ಹೆಂಡತಿಯ ಕಾಲು ತುಳಿದರು. ಅವಳು ನನ್ನ ಕಡೆ ತಿರುಗಿ ನಕ್ಕಳು. ಎಷ್ಟು ವರ್ಷವಾಗಿತ್ತು ಅವಳು ಹಾಗೆ ನಕ್ಕು! ನಾನು ಒಳಗೊಳಗೇ ಮೀಸೆ ತಿರುವಿದೆ. ಬಸ್ಸಿನಲ್ಲಿ ನಲವತ್ತೊಂದು ಜನ. ಸೇತುವೆ ದಾಟಿದರೆ ಆಸ್ಪತ್ರೆ ಗೇಟು.

ಸೇತುವೆ ಹತ್ತುವಾಗ ನನ್ನ ಜೇಬಿನಲ್ಲಿ ಫೋನು ಗುರ್‌ ಎಂದಿತು. ತೆಗೆದು ನೋಡಿದೆ. ‘ನಿಮ್ಮ ಪ್ರದೇಶದಲ್ಲಿ ಭಾರಿ ಬೇಡಿಕೆ. ಕಾರುಗಳ ಕೊರತೆ. ದರ ಮೂರು ಪಟ್ಟು. ಈಗಲೇ ಹೊರಡಿ!’ ಮ್ಯಾಪಿನಲ್ಲಿ ನಮ್ಮ ರಸ್ತೆ ಟ್ಯಾಂಕಿನಿಂದ ಆಸ್ಪತ್ರೆವರೆಗೆ ಕೆಂಪಗೆ ಉರಿಯುತ್ತಿತ್ತು. ಮ್ಯಾಪಣ್ಣನ ಮಾತು ನೆನಪಾಗಿ ನಾಲಗೆ ಕಚ್ಚಿಕೊಂಡೆ. ಹದಿನಾಲ್ಕು ಜನ ಮಾಯವಾದದ್ದು ಆ್ಯಪಿಗೆ ಗೊತ್ತಾಗಿತ್ತು. ಊರಿನಲ್ಲಿ ಉಳಿದ ಕಾರಿನವರನ್ನೆಲ್ಲ ಅದು ಅಕ್ಕರೆಯಿಂದ ಕರೆದಿತ್ತು.

ಅವರು ಬಂದರು. ವಿಮಾನ ನಿಲ್ದಾಣದ ಕಡೆಯವರು, ಹೊಳೆ ಆಚೆಯವರು, ನಾನು ಹುಟ್ಟಿದ ಮೇಲೆ ಕಂಡೇ ಇರದ ಬಡಾವಣೆಗಳ ಕಾರಿನವರು. ಎಲ್ಲ ಕಾರೂ ಖಾಲಿ, ಎಲ್ಲರಿಗೂ ಅವಸರ. ಎದುರಿನಿಂದ ಬಂದವರು ಸೇತುವೆಯ ಬಾಯಲ್ಲೇ ತಿರುಗಿಸಲು ಹೋಗಿ ಅಡ್ಡ ನಿಂತರು. ಅವರ ಹಿಂದಿನವರು ಹಾರ್ನ್ ಹೊಡೆದರು. ಹದಿನೆಂಟನೇ ನಂಬರ್ ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಕಿಟಕಿಯಿಂದ ಹೊಗೆ ಒಳಗೆ ಬಂದು, ಗಂಟಿನಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೂ ನಲವತ್ತೊಂದು ಜನ ಬಸ್ಸಿನೊಳಗೇ ಇರುತ್ತಿದ್ದರು. ಆದರೆ ಅಷ್ಟು ಕಾರು ಬಂದ ಮೇಲೆ ಕೊರತೆ ಎಲ್ಲಿಯದು? ದರ ಸರ್ರನೆ ಇಳಿಯಿತು. ‘ನಿಮ್ಮ ಸುತ್ತ ಅರುವತ್ತು ಕಾರುಗಳಿವೆ. ಇಂದು ಮಾತ್ರ ಅರ್ಧ ದರ’ ಎಂದು ಬಸ್ಸಿನೊಳಗಿನ ಫೋನುಗಳು ಒಂದರ ಹಿಂದೊಂದು ಕುಯ್‌ಗುಟ್ಟಿದವು. ಮೊದಲು ಒಬ್ಬ ಇಳಿದ. ಅವನು ಇಳಿದದ್ದನ್ನು ನೋಡಿ ಇನ್ನಿಬ್ಬರು. ಆಮೇಲೆ ಬಾಗಿಲಲ್ಲಿ ನೂಕುನುಗ್ಗಲು. ನನ್ನ ಹೆಂಡತಿ ಬಾಗಿಲ ಕಂಬಿ ಹಿಡಿದು ನಿಂತಿದ್ದಳು.

“ಐದು ನಿಮಿಷ ಇರಿ ಸಾರ್, ಬಿಡತ್ತೆ ಈಗ. ಮೇಡಂ, ಆ ಕಾರೂ ಇಲ್ಲೇ ತಾನೇ ನಿಂತಿರೋದು? ಅದೇನು ಹಾರತ್ತಾ?”

ಆ ಕಾರೂ ಅಲ್ಲೇ ನಿಂತಿತ್ತು. ಆದರೂ ಜನ ಇಳಿದುಹೋಗಿ, ನಿಂತ ಬಸ್ಸಿನ ಪಕ್ಕದಲ್ಲೇ ನಿಂತ ಕಾರುಗಳಲ್ಲಿ ಒಬ್ಬೊಬ್ಬರಾಗಿ ಕೂತು, ಗಾಜು ಏರಿಸಿಕೊಂಡರು. ನಾವು ಒಳಗಿಂದ ಅವರನ್ನು ನೋಡಿದೆವು, ಅವರು ಅಲ್ಲಿಂದ ನಮ್ಮನ್ನು ನೋಡಿದರು. ಯಾರೂ ಎಲ್ಲಿಗೂ ಹೋಗಲಿಲ್ಲ.

ಮುಕ್ಕಾಲು ಗಂಟೆಯ ನಂತರ ಬಸ್ಸು ಆಸ್ಪತ್ರೆ ಗೇಟು ಮುಟ್ಟಿತು. ಗುಮಾಸ್ತರು ಎದ್ದು ನಿಂತು ಪೆನ್ನಿನ ತುದಿಯಿಂದ ಎಣಿಸಿದರು. ಏಳು. ಅದರಲ್ಲಿ ನಾನೊಬ್ಬ, ಗಂಟಿನಜ್ಜಿ ಒಬ್ಬಳು.

“ಸಾರ್, ಸೇತುವೆಗೆ ಮುಂಚೆ ನಲವತ್ತೊಂದು ಇದ್ರು. ನೀವೇ ನೋಡಿದ್ರಲ್ಲ,” ಎಂದಳು ನನ್ನ ಹೆಂಡತಿ.

“ನೋಡಿದ್ದು ಬರೆಯೋಕೆ ಈ ಹಾಳೇಲಿ ಜಾಗ ಇಲ್ಲಮ್ಮ. ಗೇಟಲ್ಲಿ ಎಷ್ಟು ಅನ್ನೋದಷ್ಟೇ ಇರೋದು,” ಅಂದರು ಗುಮಾಸ್ತರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ನೊಂದುಕೊಂಡರು. ಆಮೇಲೆ ಗಡಿಯಾರ ನೋಡಿ, ಆಫೀಸಿಗೆ ಹೊತ್ತಾಯಿತು ಎಂದು ಅಲ್ಲೇ ಇಳಿದು ಒಂದು ಕಾರು ಬುಕ್ ಮಾಡಿದರು.

ಮಂಗಳವಾರ, ಬುಧವಾರ ನಾವು ಹದಿನಾಲ್ಕು ಜನ ಏನೂ ಮಾಡಬೇಕಾಗಲಿಲ್ಲ. ಆ್ಯಪಿಗೆ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ. ‘ಈ ರಸ್ತೆಯಲ್ಲಿ ಎಂಟರಿಂದ ಒಂಬತ್ತು ಭಾರಿ ಬೇಡಿಕೆ ನಿರೀಕ್ಷೆ’ ಎಂದು ಹಿಂದಿನ ಸಂಜೆಯೇ ಊರಿಗೆಲ್ಲ ಡಂಗುರ ಸಾರಿತ್ತು. ಮಂಗಳವಾರ ಒಂಬತ್ತು ತಲೆ, ಬುಧವಾರ ಆರು.

ತಿಂಗಳು ಕಳೆಯುವುದರೊಳಗೆ ಆದೇಶ ಬಂತು. ಹದಿನೆಂಟನೇ ನಂಬರ್ ರದ್ದು. ಖಾಲಿ ಬಸ್ಸು ಓಡಿಸಿ ಗಾಳಿ ಕೆಡಿಸುವುದು ಸರಿಯಲ್ಲವಾದ್ದರಿಂದ, ಪರಿಸರದ ಹಿತದೃಷ್ಟಿಯಿಂದ ಎಂದು ಅದರಲ್ಲಿ ಬರೆದಿತ್ತು. ಪ್ರಯಾಣಿಕರು ಹಂಚಿಕೆ ಕಾರುಗಳನ್ನು ಬಳಸಿಕೊಳ್ಳಬಹುದು, ಹೆಚ್ಚಿನ ವಿವರ ಆ್ಯಪಿನಲ್ಲಿ. ಅದೇ ವಾರ ಕಂಪನಿಯವರು ನನಗೆ ಎರಡನೇ ಎಲೆ ಕಳಿಸಿದರು. ಅಂಟಿಸಲಿಲ್ಲ. ಹರಿದು ಬಿಸಾಡಲೂ ಇಲ್ಲ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಾಕಿಟ್ಟೆ. ಮನುಷ್ಯನ ನಾಚಿಕೆಗೂ ಒಂದು ಮಿತಿ ಇದೆ.

ಹೆಂಡತಿಗೆ ಹೊಳೆ ಆಚೆಯ ಡಿಪೋ. ನಮ್ಮ ಮನೆಯಿಂದ ಅಲ್ಲಿಗೆ ಹೋಗಲು ಇದ್ದದ್ದು ಒಂದೇ ಬಸ್ಸು, ಹದಿನೆಂಟನೇ ನಂಬರ್. ಬಸ್ಸಿನ ಕಂಡಕ್ಟರನ್ನು ಬಸ್ಸಿನ ಕೆಲಸಕ್ಕೆ ಕಾರಿನಲ್ಲಿ ಬಿಟ್ಟು, ನಾನು ಖಾಲಿ ಕಾರು ಹೊಡೆದುಕೊಂಡು ವಾಪಸ್ಸು ಬರುವುದೆಂದು ತೀರ್ಮಾನವಾಯಿತು.

ಮೊದಲ ದಿನ ಅವಳು ಯೂನಿಫಾರ್ಮಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಎಂಟೂಕಾಲಿಗೆ ಟ್ಯಾಂಕಿನ ಸ್ಟಾಪು ಬಂತು. ಅಲ್ಲಿ ಗಂಟಿನಜ್ಜಿ ಒಬ್ಬಳೇ, ಗಂಟನ್ನು ನೆಲಕ್ಕಿಳಿಸಿ, ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನಿಂತಿದ್ದಳು. ಫೋನಿಲ್ಲದವಳಿಗೆ ಯಾರೂ ಸುದ್ದಿ ಹೇಳಿರಲಿಲ್ಲ.

“ನಿಲ್ಸಿ,” ಅಂದಳು ಹೆಂಡತಿ.

“ಹಿಂದಿನೋರು ಬೈತಾರೆ. ಅಜ್ಜಿಗೆ ಬುಕಿಂಗೂ ಇಲ್ಲ. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಆ್ಯಪಲ್ಲಿ ನನ್ನ ಸ್ಟಾರ್ ಹೋಗತ್ತೆ.”

“ನಾಲ್ಕು ವರ್ಷ ಇದೇ ಸ್ಟಾಪಲ್ಲಿ ನನ್ನ ಬಸ್ಸಿಗಿಂತ ನಾಲ್ಕು ನಿಮಿಷ ಮುಂಚೆ ಬಂದು ನಿಲ್ಲಿಸ್ತಿದ್ರಲ್ಲ. ಆಗ ಯಾರೂ ಬೈಲಿಲ್ವಾ?”

ಬ್ರೇಕಿನ ಮೇಲೆ ನನ್ನ ಕಾಲು ತಾನಾಗಿಯೇ ಹೋಯಿತು. ಕಾರು ನಿಂತಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

“ನಿನಗೆ... ಗೊತ್ತಿತ್ತಾ?”

“ಬಸ್ಸಿನ ಬಾಗಿಲಲ್ಲಿ ನಿಂತ್ರೆ ಕಾರುಗಳ ನೆತ್ತಿ ಕಾಣತ್ತೆ ರೀ. ಹೂಕುಂಡ ಬಿದ್ದು ತಗ್ಗಾಗಿರೋ ಕಾರು ಈ ಊರಲ್ಲಿ ಎಷ್ಟಿದೆ? ಮೊದಲನೇ ವಾರಾನೇ ನೋಡ್ದೆ.”

“ಮತ್ತೆ ಯಾಕೆ ದಿನಾ ಎಲ್ಲಿ ರಷ್ಷು, ಎಲ್ಲಿ ತಡ ಅಂತ ಎಲ್ಲ ಹೇಳ್ತಿದ್ದೆ?”

ಅವಳು ಸಿಟ್ಟಿನಿಂದ ನನ್ನ ಕಡೆ ತಿರುಗಿದಳು. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. “ಹೇಳ್ದೆ ಇನ್ನೇನು ಮಾಡ್ಲಿ? ವರ್ಷಪೂರ್ತಿ ಖಾಲಿ ಕಾರು ಸುತ್ತಿಸ್ಕೊಂಡು, ತಟ್ಟೆ ಮುಂದೆ ಸತ್ತೋರ ಹಾಗೆ ಕೂರ್ತಿದ್ರಿ. ನನ್ನ ಬಸ್ಸಲ್ಲಿ ಅರುವತ್ತು ಜನ ಇದ್ರು. ಮೂರೋ ನಾಲ್ಕೋ ಜನ ನಿಮಗೆ ಹೋದ್ರೆ ಹದಿನೆಂಟಕ್ಕೇನೂ ಆಗಲ್ಲ ಅಂದ್ಕೊಂಡೆ. ನೀವೊಬ್ರೇ ಅಂದ್ಕೊಂಡಿದ್ದೆ ನಾನು. ಅವತ್ತು ಸೇತುವೆ ಮೇಲೆ ನಿಂತು ನೋಡಿದ್ಮೇಲೇ ಗೊತ್ತಾಗಿದ್ದು, ನಿಮ್ಮ ಹಾಗೆ ಎಷ್ಟು ಕಾರಿನೋರು ಇದ್ರು ಅಂತ.”

ನಾನು ಅವಳ ಬಾಯಿ ಬಿಡಿಸುತ್ತಿದ್ದೇನೆ ಎಂದು ಬೀಗುತ್ತಿದ್ದ ಆ ನಾಲ್ಕು ವರ್ಷವೂ ಅವಳು ತನ್ನ ಬಸ್ಸಿನಿಂದ ಎತ್ತಿ ಎತ್ತಿ ನನ್ನ ತಟ್ಟೆಗೆ ಬಡಿಸುತ್ತಿದ್ದಳು. ಬಾಯಿ ಚಪ್ಪರಿಸಿಕೊಂಡು ತಿಂದವನು ನಾನು. ನನಗೆ ತುಂಬ ನಾಚಿಕೆಯಾಯಿತು.

ಅಷ್ಟರಲ್ಲಿ ಅವಳು ಇಳಿದು, ಹಿಂದಿನ ಬಾಗಿಲು ತೆರೆದು, ಗಂಟನ್ನು ಒಳಗೆ ಎಳೆದಿಟ್ಟು ಅಜ್ಜಿಯನ್ನು ಕೂರಿಸಿದ್ದಳು. ಅಜ್ಜಿ ಸುತ್ತ ನೋಡಿದಳು, ಚಾವಣಿ ಮುಟ್ಟಿ ನೋಡಿದಳು.

“ಹದಿನೆಂಟು ಇಷ್ಟು ಸಣ್ಣದಾಗೋಯ್ತೇನಮ್ಮ?” ಅಂದಳು.

“ಹೌದಜ್ಜಿ,” ಅಂದಳು ನನ್ನ ಹೆಂಡತಿ.

ಅಜ್ಜಿ ಸೊಂಟದ ಚೀಲದಿಂದ ಚಿಲ್ಲರೆ ತೆಗೆದು ಮುಂದೆ ಚಾಚಿದಳು. ಹೆಂಡತಿಯ ಕೈ ಅಭ್ಯಾಸದಂತೆ ಟಿಕೆಟಿನ ಚೀಲಕ್ಕೆ ಹೋಗಿ, ಅಲ್ಲೇ ನಿಂತಿತು. ಆಮೇಲೆ ಅಜ್ಜಿಯ ಬೆರಳುಗಳನ್ನು ಚಿಲ್ಲರೆಯ ಮೇಲೆ ಮಡಿಸಿ, ಬಾಗಿಲು ಮುಚ್ಚಿ, ಮುಂದೆ ಬಂದು ಕೂತಳು.

“ರೈಟ್,” ಅಂದಳು.

ನಾನು ಹೊರಟೆ. ಹೊರಡುವ ಮೊದಲು, ನಾಲ್ಕು ವರ್ಷದ ಅಭ್ಯಾಸ, ಒಂದು ಕಣ್ಣು ಕನ್ನಡಿಗೆ ಹೋಯಿತು. ಹಿಂದೆ ಕಾರು, ಕಾರಿನ ಹಿಂದೆ ಕಾರು, ಒಂದೊಂದರಲ್ಲೂ ಒಬ್ಬೊಬ್ಬರು. ಕಣ್ಣಿಗೆ ಕಾಣುವಷ್ಟು ದೂರ ನೋಡಿದೆ. ಕೆಂಪು ಬಸ್ಸು ಬರುತ್ತಿರಲಿಲ್ಲ.